ಎಂಟು ತೂತಿನ ಹಲಗೆ

ಮದುವೆ ಕಾರ್ಡಿನ ಡಬ್ಬಿ ಬಿಚ್ಚಿ, ಹಿಂಬದಿ ಮೇಲೆ ಮಾಡಿ
ಇಡು ಕೈ, ಅಂದೆ.
ಸವರಿಮುತ್ತು ಇಟ್ಟ. ಬಲಗೈ.
ಸುತ್ತ ಪೆನ್ಸಿಲು ಓಡಿಸಿದೆ:
ಹೆಬ್ಬೆರಳು, ಆಮೇಲೊಂದು ದಿಬ್ಬ, ಇನ್ನೊಂದು ದಿಬ್ಬ,
ಉಂಗುರದ್ದು, ಕಿರಿದು.
ಯಾಕೋ? ಅಂದ.
ಗ್ಲೌಸು ಹೊಲಿಸೋಕೆ ಅಂದೆ, ಸುಳ್ಳು.
ಎರಡು ಬೆರಳು ಕಮ್ಮಿ, ರೇಟೂ ಕಮ್ಮಿ ಮಾಡ್ತಾನಾ ಕೇಳು, ಅಂದ.

ಪೀಣ್ಯ ಎರಡನೇ ಹಂತದ ಪವರ್ ಪ್ರೆಸ್ಸು
ವಾಷರು ಕತ್ತರಿಸುತ್ತಿತ್ತು. ಅಷ್ಟೆ. ಅದರ ಬಗ್ಗೆ ಅವನು
ಒಂದೇ ಸಲ ಮಾತಾಡಿದ್ದು:
ರಾತ್ರಿ ಹೊತ್ತು ಇಲ್ಲದ ಬೆರಳು ಕಡಿಯುತ್ತೆ ಕಣೋ,
ಎಲ್ಲಿ ಕೆರ್ಕೊಳ್ಳೋದು ಹೇಳು.

ಶ್ರೀರಾಮಪುರದ ಆ ಮಳಿಗೆ. ಕೆಳಗೆ ಹಿಟ್ಟಿನ ಗಿರಣಿ,
ಮೇಲೆ ಮೂರು ಮಿಷನ್ನು, ಒಂದು ಸದಾ ಕೆಟ್ಟದ್ದು.
ರಾಗಿಹಿಟ್ಟಿನ ಧೂಳು ಮಹಡಿ ಹತ್ತಿ ಗಾಜಿನ ಮೇಲೆ ಕೂತರೆ
ಸವರಿ ಅಂಗಿ ತೋಳಲ್ಲಿ ಒರೆಸಿ
ನನ್ನ ಒಂದು ರೂಪಾಯಿಯ ಬಿಲ್ಲೆ ಹಾಕುತ್ತಿದ್ದ.
ನನ್ನದೇ. ನಾನು ಆಡಿದರೆ ಎರಡು ನಿಮಿಷ,
ಅವನು ಆಡಿದರೆ ಮುಕ್ಕಾಲು ಗಂಟೆ;
ಆರೂ ಗುಂಡಿಯ ಮೇಲೆ ಬೆರಳು ಒಗ್ಗರಣೆಯ ಸಾಸಿವೆ.
ಕೊನೆಗೆ ಮಾಲೀಕ ಬಂದು ಪ್ಲಗ್ಗೇ ಕೀಳುತ್ತಿದ್ದ:
ಒಂದ್ರುಪಾಯಿಗೆ ಮನೆ ಬರ್ಕೊಡ್ಲಾ?

ಎಸ್.ಪಿ. ರೋಡಿನಲ್ಲಿ, ಡಜನ್ ಕೊಂಡರೆ ಅಗ್ಗ ಅಂದರು.
ಆರೇ ಸಾಕೆಂದೆ. ಒತ್ತಿ ಒತ್ತಿ, ಕಿವಿಗಿಟ್ಟು ಕೇಳಿ,
ಟಕ್ ಅನ್ನುವುದನ್ನು ಬಿಟ್ಟು
ಟಿಕ್ ಅನ್ನುವುದನ್ನೇ ತೆಗೆದುಕೊಂಡೆ.
ತೆಂಗಿನಕಾಯಾ ಸಾರ್ ಇದು, ಅಂದ ಅಂಗಡಿ ಹುಡುಗ.
ಎಡಗೈಗೆ ಕೋಲು, ತುದಿಯಲ್ಲಿ ಕೆಂಪು ಉಂಡೆ.
ಎಡಗೈ ನೆಟ್ಟಗಿದೆ, ಅದಕ್ಕೇನೂ ಯೋಚಿಸಬೇಕಿರಲಿಲ್ಲ.

ಹಲಗೆ ಮೈಸೂರು ರೋಡಿನ ಟಿಂಬರ್ ಯಾರ್ಡಿನದು.
ಮೇಲೆ ಅಕ್ಕನ ಅಡುಗೆಮನೆಯಲ್ಲಿ ಉಳಿದ ಸನ್ಮೈಕ,
ದ್ರಾಕ್ಷಿ ಬಣ್ಣ, ಯಾರೂ ಬೇಡವೆಂದದ್ದು.
ಭಾನುವಾರ, ಕಾಮಾಕ್ಷಿಪಾಳ್ಯದ ನನ್ನ ಯುಪಿಎಸ್ ಅಂಗಡಿಯ
ಶಟರು ಅರ್ಧ ಎಳೆದು ತೂತು ಕೊರೆಯಲು ಕೂತೆ.

ಇಲ್ಲೇ ತಪ್ಪಿದ್ದು.
ಡಬ್ಬಿಯ ಮೇಲಿನ ಕೈ ನೋಡಿ ನೋಡಿ ಚುಕ್ಕಿ ಇಟ್ಟಿದ್ದೆ,
ಹೆಬ್ಬೆರಳಿಗೆ ಎರಡು, ಉಂಗುರದ್ದಕ್ಕೆ ಮೂರು, ಕಿರಿದಕ್ಕೆ ಒಂದು.
ಆರು ಕೊರೆದೆ. ಕೈ ನಿಲ್ಲಲಿಲ್ಲ.
ಹಳೆಯ ಮಿಷನ್ನಿನ ನಕ್ಷೆ ಕೈಯೊಳಗೇ ಇತ್ತೋ ಏನೋ,
ಡ್ರಿಲ್ಲು ತಾನಾಗಿ ಸರಿದು
ತೋರುಬೆರಳಿರಬೇಕಾದಲ್ಲಿ ಒಂದು,
ನಡುಬೆರಳಿರಬೇಕಾದಲ್ಲಿ ಒಂದು.
ಬಿಲ್ಲೆಯಂಥ ಎರಡು ಮರದ ತುಂಡು ನೆಲಕ್ಕೆ ಬಿದ್ದವು.
ಎತ್ತಿಕೊಳ್ಳಲು ಹೆದರಿದೆ. ಆಮೇಲೆ ಎತ್ತಿಕೊಂಡೆ.
ಇನ್ನೂ ಬಿಸಿಯಿದ್ದವು.

ವೈರು: ಗುಂಡಿಗೊಂದು ಬಣ್ಣ, ಕಪ್ಪು ಮಾತ್ರ ಎಲ್ಲಕ್ಕೂ ಒಂದೇ,
ಹಾಲಿನವನ ಹಾಗೆ ಮನೆ ಮನೆಗೂ ಹೋಗಿ
ಹೊರಟಲ್ಲಿಗೇ ಬರುತ್ತದೆ.
ಮೊದಲ ಸಲ ಹಚ್ಚಿದಾಗ ಮೇಲೆ ಅಂದರೆ ಕೆಳಗೆ ಹೋಯಿತು,
ಎಡಕ್ಕೆ ಅಂದರೆ ಗುಂಡು ಹಾರಿಸಿತು. ಬಿಚ್ಚು. ಮತ್ತೆ ಬೆಸೆ.
ಆ ಎರಡು ತೂತಿಗೆ ನೀರಿನ ಬಾಟಲಿಯ ಮುಚ್ಚಳ
ಕಪ್ಪು ಬಳಿದು ಕೂರಿಸಿದೆ. ಕಾಣಬಾರದು ಅಂತ.

ಲಗ್ಗೆರೆಯ ಅವನ ಮನೆಯಲ್ಲಿ ಟೀವಿಗೆ ಸಿಕ್ಕಿಸಿದೆವು.
ಕರೆಂಟು ಹೋಗದಿರಲಿ ಅಂತ ಮಗಳು ಬೆನೆಡಿಕ್ಟಾ
ಶಿಲುಬೆ ಗುರುತು ಹಾಕಿಕೊಂಡಳು.
ನಾನು ಎರಡು ನಿಮಿಷ. ಯಾವಾಗಲೂ ಅಷ್ಟೆ.
ಅವನು ಮೂರು ಸಲ ಸತ್ತ. ತಮಿಳಲ್ಲಿ ಬೈದ,
ನನ್ನನ್ನೋ, ಹಲಗೆಯನ್ನೋ.
ನಾಲ್ಕನೇ ಸಲ ಸುಮ್ಮನಾದ.
ಟಿಕ್. ಟಿಕ್ ಟಿಕ್ ಟಿಕ್. ಟಿಕ್.
ಕುಕ್ಕರು ಕೂಗಿ ತಣ್ಣಗಾಗಿ, ಬೆನೆಡಿಕ್ಟಾ ಉಂಡು ಮಲಗಿ,
ಪ್ಲಗ್ಗು ಕೀಳಲು ಯಾರೂ ಬರಲಿಲ್ಲ.

ತಾನೇ ನಿಲ್ಲಿಸಿ, ಮುಚ್ಚಳದ ಮೇಲೆ ಉಂಗುರದ ಬೆರಳಾಡಿಸಿ
ಇದೇನು? ಅಂದ.
ತಪ್ಪಾಗಿ ಕೊರೆದೆ, ಅಂದೆ.
ನೋಡಿದ. ಹಲಗೆಯನ್ನೇ.
ಇಲ್ಲೂ ಗುಂಡಿ ಹಾಕು. ಕನೆಕ್ಷನ್ ಬೇಡ.
ಕಡಿದಾಗ ಇಲ್ಲಿಡ್ತೀನಿ.

ನಾಳೆ ಮತ್ತೆ ಎಸ್.ಪಿ. ರೋಡು. ಟಿಕ್ ಅನ್ನುವಂಥವು ಎರಡು.
ಯಾವ ಬಣ್ಣ ಅಂತ ಕೇಳುವುದು ಮರೆತೆ.