ಸೋರಿಕೆ ಬಾಬ್ತು

ವಂಶವೃಕ್ಷ ಬೇಕು ಅಂದರು ನಾಡಕಚೇರಿಯಲ್ಲಿ.
ಮರ ಅಂದರೆ ನಮಗೆ ಗೊತ್ತಿದ್ದದ್ದು
ಹೆಬ್ಬಲಸು, ಮಾವು, ಏನೂ ಸಿಗದಿದ್ದರೆ ಮತ್ತಿ.
ಕಡಿದು, ಕೊರೆದು, ಕವುಚಿ ಒಣಗಿಸಿ
ತುಂಗೆಗೆ ತಳ್ಳಿದವು.
ಬೇರು ಇಟ್ಟುಕೊಂಡವರಲ್ಲ ನಾವು.

ದೋಣಿಕೇರಿ ಈಗ ಬೋರ್ಡಿನಲ್ಲಿ ಮೂರನೇ ಅಡ್ಡರಸ್ತೆ.
ತೀರ್ಥಹಳ್ಳಿಗೆ ಹೊಸಬರಾದರೆ
ಪಂಚರ್ ಅಂಗಡಿ ಹಿಂದಾ? ಅನ್ನುತ್ತಾರೆ.
ಹೌದು, ಆ ಅಂಗಡಿ ನಮ್ಮದೇ.
ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತ
ಅಪ್ಪ ಹೇಳುತ್ತಿದ್ದ:
ತೂತು ಸುಳ್ಳು ಹೇಳೋದಿಲ್ಲ ಕಣೇ.

ಅಪ್ಪ ಸಂಕಪ್ಪ. ಅವನಪ್ಪ ಬೂದ್ಯ.
ಅದರಾಚೆಗೆ ಯಾರು ಅಂದರೆ ದೊಡ್ಡತ್ತೆ
ಎಲೆಗೆ ಸುಣ್ಣ ಸವರುತ್ತ ಕೂತಳು.
"ದ್ವಾಣಿ ಕಟ್ಟೋರು ಅಂತಿದ್ರು. ಹೆಸ್ರು ಯಾರಿಗ್ ಬೇಕಿತ್ತು?
ದಡದಲ್ ನಿಂತು ಓ ಅಂದ್ರೆ ಸಾಕಿತ್ತು."

ತಾಲ್ಲೂಕು ಕಚೇರಿಯ ಹಳೇ ರೆಕಾರ್ಡು ರೂಮು.
ಗುಮಾಸ್ತ ಯಲ್ಲೋಜಿ ಬೀಗ ತೆಗೆದು, ಕೆಮ್ಮಿ,
"ಕಡವಿನ ಪುಸ್ತಕ ಇರೋದು ಇಷ್ಟೇ,
ಮಿಕ್ಕಿದ್ದು ಗೆದ್ದಲು ಓದಿ ಮುಗಿಸಿದೆ" ಅಂದ.
ಸಾವಿರದ ಒಂಬೈನೂರ ಹನ್ನೊಂದರ ಗಂಟು ಬಿಚ್ಚಿದೆ.
ಹುಟ್ಟು ಹುಡುಕಿದೆ. ಸಿಕ್ಕಿತು:
ಹುಟ್ಟು ಎರಡು, ಒಂದು ರೂಪಾಯಿ.
ಹಗ್ಗ, ಎಂಟಾಣೆ.
ದೊಡ್ಡ ದೋಣಿಗೆ ಹಲಗೆ, ಆಸಾಮಿ ದೋಣಿ ಮರಿಯ, ನಾಲ್ಕು ರೂಪಾಯಿ.

ಮರಿಯ!
ಮೂರು ವರ್ಷ ಅವನ ಹೆಬ್ಬೆಟ್ಟು, ಅಗಲಕ್ಕೆ, ಒತ್ತಾಗಿ.
ನಾಲ್ಕನೇ ವರ್ಷ ಇಲ್ಲ.
ಯಾಕಿಲ್ಲ ಅಂತ ಪುಸ್ತಕ ಬರೆಯುವುದಿಲ್ಲ.
ಆ ಆಷಾಢದ ಪುಟದಲ್ಲಿ ಇಷ್ಟು:
"ದೋಣಿ ಒಂದು, ಸಿಕ್ಕಿಲ್ಲ."

ಕೆಳಗೆ ಬೇರೆ ಶಾಯಿ.
"ಸೋರಿಕೆ ಬಾಬ್ತು. ಹತ್ತಿ, ರಾಳ, ಹೊನ್ನೆ ಎಣ್ಣೆ ಸಹಿತ.
ಚೌಡಿ ಕೋಂ ಮರಿಯ. ಆರಾಣೆ."
ಮುಂದಿನ ಮಳೆಗಾಲ ಆರಾಣೆ. ಅದರ ಮುಂದಿನದೂ.
ಹದಿನೇಳು ಮಳೆಗಾಲ ಎಣಿಸಿದೆ, ಕೂಲಿ ಏರಿಲ್ಲ.

ಈ ಹೆಸರು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ.
ಹಿರಿಯರಿಗೆ ಎಡೆ ಇಡುವಾಗಲೂ ಕರೆದಿಲ್ಲ.
ಗಂಡನನ್ನು ನುಂಗಿದ ಹೊಳೆಗೇ
ವರ್ಷ ವರ್ಷ ದೋಣಿ ಗಟ್ಟಿಮಾಡಿ ಕಳಿಸಿದಾಕೆ.

ಅವಳು ಹೆಬ್ಬೆಟ್ಟು ಒತ್ತಿದಲ್ಲೆಲ್ಲ
ಕೈಯ ಎಣ್ಣೆ ಕಾಗದಕ್ಕೆ ಇಳಿದು
ಅಷ್ಟಗಲ ಹಾಳೆ ಕಂದು ಗಾಜಿನ ಹಾಗೆ.
ಕಿಟಕಿಗೆ ಹಿಡಿದೆ.
ಬೆರಳಿನ ಸುಳಿಯೊಳಗಿಂದ
ಮುಂದಿನ ಪುಟದ ಲೆಕ್ಕ ಕಾಣುತ್ತಿತ್ತು.
ಯಲ್ಲೋಜಿ ಊಟಕ್ಕೆ ಹೊತ್ತಾಯಿತು ಅಂದ.

ನಾಡಕಚೇರಿಯ ನಮೂನೆಯಲ್ಲಿ ಚೌಡಿಗೆ ಕಾಲಂ ಇಲ್ಲ.
ಮರಿಯ, ಬೂದ್ಯ, ಸಂಕಪ್ಪ,
ಕೊನೆಗೆ ನಾನು, ಬ್ರಾಕೆಟ್ಟಿನಲ್ಲಿ ಮಗಳು.
ಸಹಿ ಮಾಡಿ ಅಂತ ಪೆನ್ನು ಕೊಟ್ಟರು.
ಅಂಗಡಿಯಿಂದ ನೇರ ಬಂದ ಕೈ,
ಹೆಸರಿನ ಪಕ್ಕದಲ್ಲೇ ಜಿಡ್ಡಿನ ಗುರುತು ಬಿತ್ತು.
ಬೇರೆ ಫಾರಂ ತಗೊಳ್ಳಿ ಅಂದರು.
ಇದೇ ಇರಲಿ ಅಂದೆ.