ಕಾಲು ಸುತ್ತು

ಮಡಿಕೇರಿ ಕೋರ್ಟಿನ ಕಟಕಟೆಯ ಮರಕ್ಕೆ
ನನ್ನ ಬೆರಳಿನ ಗ್ರೀಸು ಹತ್ತಿತು.
ಎರಡು ಸಲ ಸೋಪು ಹಚ್ಚಿ ಬಂದಿದ್ದೆ, ಆದರೂ.

ಹೆಸರು? ಲ್ಯಾನ್ಸಿ ಕ್ರಾಸ್ತಾ.
ಕಸುಬು? ಸುಂಟಿಕೊಪ್ಪದಲ್ಲಿ ಗ್ಯಾರೇಜು.
ಆ ಜೀಪಿಗೆ ಬ್ರೇಕು ಕಟ್ಟಿದವನು ನೀನೇನಾ?
ನಾನೇ ಸ್ವಾಮಿ.

ಬ್ರೇಕು ಹಿಡಿಯಲಿಲ್ಲ ಅಂತ ಶಿಜು ಹೇಳಿದ್ದ,
ಪೊಲೀಸರಿಗೊಮ್ಮೆ, ಆಸ್ಪತ್ರೆಯಲ್ಲೊಮ್ಮೆ,
ಸತ್ತವನ ಹೆಂಡತಿಯ ಎದುರು ಮಾತ್ರ ಹೇಳಿರಲಿಲ್ಲ.
ಗುದ್ದಿದವರೆಲ್ಲ ಮೊದಲು ಬೈಯುವುದು ಬ್ರೇಕನ್ನೇ.
ಪಾಪದ್ದು, ಅದಕ್ಕೆ ಬಾಯಿಲ್ಲ.

ಕೈಬರಹ ಇದೆ.
ಏಳನೇ ಹೊಸಕೋಟೆ ದಾಟಿ, ಏರು ಮುಗಿಯುವ ತಿರುವಿನಲ್ಲಿ
ಟಾರಿನ ಮೇಲೆ ಎರಡು ಕಪ್ಪು ಗೀಟು.
ಮಹಜರಿನ ದಿನ ಟೇಪಿನ ಒಂದು ತುದಿ
ಕಾನ್‌ಸ್ಟೇಬಲ್ ಪೊನ್ನಪ್ಪ ಹಿಡಿದ,
ಇನ್ನೊಂದನ್ನು ನನ್ನ ಕೈಗೇ ಕೊಟ್ಟ.
ಇಪ್ಪತ್ತಾರು ಮೀಟರ್.
ಹಿಡಿಯದ ಬ್ರೇಕು ಗೀಟು ಎಳೆಯುವುದಿಲ್ಲ ಸ್ವಾಮಿ, ಅಂದೆ.
ಬರೆದುಕೊಂಡರು.
ಚಕ್ರ ನಿಂತ ಮಾತ್ರಕ್ಕೆ ಗಾಡಿ ನಿಲ್ಲುವುದಿಲ್ಲ,
ಅದು ಒತ್ತಿದ ಕಾಲಿಗೆ ಗೊತ್ತಾಗುವುದು ತಡವಾಗಿ.
ಇದನ್ನು ಬರೆದುಕೊಳ್ಳಲಿಲ್ಲ.

ಪಾಟಿ ಸವಾಲಿಗೆ ವಿಮೆಯವರ ವಕೀಲರು ಎದ್ದು
ನೀರಿನ ವಿಷಯ ತೆಗೆದರು.
ಸತ್ತ ಐತಪ್ಪ ಪಂಚಾಯತಿಯ ನೀರುಗಂಟಿ.
ರಸ್ತೆ ತುಂಬ ನೀರು, ಇಗೋ ಫೋಟೋ.
ವಾಲ್ವು ತೆರೆದು ಬಿಟ್ಟವನು ಮೃತನೇ,
ಆದ್ದರಿಂದ ಅಪಘಾತದಲ್ಲಿ ಮೃತನದೂ ಪಾಲಿದೆ,
ನೂರಕ್ಕೆ ಮೂವತ್ತು.
ಪಾಲು ಅಂದದ್ದು ಕೇಳಿ
ಐತಪ್ಪನ ಹೆಂಡತಿ ತಲೆಯೆತ್ತಿದಳು.
ಬದುಕಿದ್ದಾಗ ಅವನಿಗೆ ಯಾವುದರಲ್ಲೂ ಪಾಲು ಸಿಕ್ಕಿರಲಿಲ್ಲ.

ಫೋಟೋ ಹನ್ನೊಂದು ಗಂಟೆಯದು.
ಅವನು ಆರಕ್ಕೆ ತೆರೆದ.
ಏಳಕ್ಕೆ ಮುಚ್ಚಬೇಕು ಅಂತ
ಕಬ್ಬಿಣದ ಕೀಲಿ ಹೆಗಲಿಗಿಟ್ಟು ರಸ್ತೆಯ ಅಂಚಿನಲ್ಲೇ ಬರುತ್ತಿದ್ದ,
ಹತ್ತು ಹೆಜ್ಜೆ ಬಾಕಿ ಇತ್ತು.
ಮುಚ್ಚುವ ಕೈಯಿಲ್ಲದೆ ಟ್ಯಾಂಕು ತುಂಬಿ, ಉಕ್ಕಿ,
ಗೀಟಿನ ಮೇಲೆ, ಒಂಟಿ ಚಪ್ಪಲಿಯ ಸುತ್ತ
ನೀರು ಹರಿದದ್ದು ಆಮೇಲೆ.
ಕಾಲೊನಿಯ ಕೊಡಗಳೆಲ್ಲ ಅಂದು ತುಂಬಿ ಚೆಲ್ಲಿದವು.
ಗೀಟು ಒಣ ಟಾರಿನದು ಸ್ವಾಮಿ, ನೆನೆದದ್ದರದಲ್ಲ.
ಅದನ್ನೂ ಬರೆದುಕೊಂಡರು.

ಬ್ರೇಕು ಗೆದ್ದಿತು. ಐತಪ್ಪನ ನೀರೂ ಗೆದ್ದಿತು.
ಉಳಿದದ್ದು ಅತಿವೇಗ, ಅಜಾಗರೂಕತೆ:
ಶಿಜುವಿನ ಹೆಸರಿನ ಮುಂದೆ ಎರಡು ಶಬ್ದ,
ಧಣಿ ಉತ್ತಯ್ಯನವರ ಹೆಸರಿನ ಮುಂದೆ ಒಂದು ಮೊತ್ತ.
ಇಳಿಯಬಹುದು, ಅಂದರು.

ತಕ್ಷಣ ಇಳಿಯಲಿಲ್ಲ.
ವೇಗದ ಬಗ್ಗೆ ಇನ್ನೊಂದು ಪ್ರಶ್ನೆ ಬರುತ್ತದೇನೋ ಅಂತ ಕಾದೆ.

ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಧಣಿ ಬಂದಿದ್ದರು.
ಪುಲ್ಲಿಂಗ್ ಇಲ್ಲ ಲ್ಯಾನ್ಸಿ, ಮೂಟೆ ಹೇರಿದರೆ ಏರು ಹತ್ತುವುದಿಲ್ಲ,
ಕ್ಯೂರಿಂಗಿನ ಗೇಟಿನಲ್ಲಿ ನಮ್ಮದೇ ಕೊನೆಯ ಗಾಡಿ.
ಡೀಸೆಲ್ ಪಂಪಿನ ಸ್ಕ್ರೂವಿಗೆ ಕಂಪೆನಿಯವರು
ತಂತಿ ಸುತ್ತಿ ಸೀಸದ ಮುದ್ರೆ ಒತ್ತಿರುತ್ತಾರೆ.
ಕತ್ತರಿಸಿದೆ. ತಿರುಗಿಸಿದೆ.
ಕಾಲು ಸುತ್ತು, ಅಷ್ಟೇ.
ಶಿಜು ಒಂದು ರೌಂಡ್ ಹೊಡೆದು ಬಂದು ನಕ್ಕ,
ಲ್ಯಾನ್ಸಿಯಣ್ಣ, ಈಗ ಕುದುರೆ!
ಇನ್ನೂರು ರೂಪಾಯಿ ತೆಗೆದುಕೊಂಡೆ.

ಅದಕ್ಕೆ ಮೊದಲು ಆ ಏರಿನ ತುದಿಗೆ ಬರುವಷ್ಟರಲ್ಲಿ
ಜೀಪು ಕೆಮ್ಮುತ್ತ ನಡೆಯುವವನ ಜೊತೆ ನಡೆಯುತ್ತಿತ್ತು.
ಐತಪ್ಪ ಎಷ್ಟೋ ಬೆಳಿಗ್ಗೆ ಹಿಂದಿನಿಂದ ಹತ್ತಿಕೊಂಡು
ಕೀಲಿಯಿಂದ ತಗಡು ಬಡಿದು
ಟ್ಯಾಂಕಿನ ಹತ್ತಿರ ಇಳಿಯುತ್ತಿದ್ದ.

ಇನ್ಸ್‌ಪೆಕ್ಟರು ಬ್ರೇಕು ನೋಡಿದರು, ಸ್ಟಿಯರಿಂಗು ಅಲ್ಲಾಡಿಸಿದರು,
ಟಯರಿಗೆ ಬೂಟಿನಿಂದ ಒದ್ದರು.
ಯಾಂತ್ರಿಕ ದೋಷವಿಲ್ಲ, ಅಂತ ಸಹಿ.
ನಿಜವೇ. ದೋಷ ಅಲ್ಲ ಅದು,
ಗಿರಾಕಿ ಕೇಳಿ ಮಾಡಿಸಿಕೊಂಡ ಕೆಲಸ.

ಪ್ರಮಾಣ ಮಾಡುವಾಗ ಪೂರ್ತಿ ಸತ್ಯ ಅಂದಿದ್ದೆ.
ಮುಕ್ಕಾಲು ಹೇಳಿ ಇಳಿದೆ.
ಹೊರಗೆ ಐತಪ್ಪನ ಹೆಂಡತಿ ಕೈಮುಗಿದಳು,
ನೀವೊಬ್ಬರು ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ.
ಬಸ್ಸು ಬಂತು ಅಂದೆ.
ಬಂದಿರಲಿಲ್ಲ.

ಸೀಸದ ತುಂಡು ಗ್ಯಾರೇಜಿನ ನಟ್ಟು ಡಬ್ಬಿಯಲ್ಲಿದೆ.
ಬೇರೇನೋ ಹುಡುಕುವಾಗ ಕೈಗೆ ಸಿಕ್ಕುತ್ತದೆ.