ದಬ್ಬುವವರು

ಸಾವಿರದಿನ್ನೂರು ಅಡಿ ಆಳದಿಂದ
ಸುಟ್ಟ ಪಂಪುಗಳನ್ನು ಎಳೆದು ತೆಗೆವ ಬಾಬಾಜಾನನ ಮುಕ್ಕಾಲಿ
ಆ ಭಾನುವಾರ ನಮ್ಮ ಬೀದಿಗೆ ಬಂತು
ಬರೀ ಎರಡೂವರೆ ಅಡಿ ಎತ್ತುವ ಕೆಲಸಕ್ಕೆ.
"ಇಷ್ಟೇನಾ?" ಅಂದ. ಸರಪಳಿ ಎಳೆದ.
ಮಾರುತಿಯ ಎಂಜಿನ್ನು ಎದ್ದು ಬಂತು
ಎಣ್ಣೆ ತೊಟ್ಟಿಕ್ಕುತ್ತ,
ಬಹಳ ದಿನ ಕಾಡಿದ ದವಡೆ ಹಲ್ಲಿನ ಹಾಗೆ.

ನನ್ನ ಕಸುಬು ವೈಂಡಿಂಗು.
ಚಿಂತಾಮಣಿಯ ಸುತ್ತ ಎಷ್ಟು ಬೋರುಗಳ ಹೊಟ್ಟೆಯಲ್ಲಿ
ನಾನು ಸುತ್ತಿದ ತಾಮ್ರ ಇದೆಯೋ, ಲೆಕ್ಕ ಬಿಟ್ಟಿದ್ದೇನೆ.
ನೀರು ಎತ್ತುವುದು ಆ ತಾಮ್ರಕ್ಕೆ ಗೊತ್ತು.
ನಾಲ್ಕು ಜನರನ್ನು ಕೂರಿಸಿಕೊಂಡು ನಡೆಯುವುದು?
ಎರಡು ಮಳೆಗಾಲ ತಲೆ ತಿಂದದ್ದು ಇದೊಂದೇ.

"ಏನೇ, ಕರೆಂಟಿನ ಕಾರಾ?" ರಾಗಿ ಕೇರುತ್ತಲೇ ಅಮ್ಮ,
"ತ್ರೀ ಫೇಸು ರಾತ್ರಿ ಎರಡಕ್ಕೆ ಬಂದರೆ
ಮದುವೆಗೂ ರಾತ್ರಿ ಎರಡಕ್ಕೇ ಹೊರಡೋದಾ?"
ಮಿಕ್ಸಿ ಪಕ್ಕದ ಸಾಕೆಟ್ಟು ಸಾಕಮ್ಮ, ಅಂದೆ.
ನಂಬಲಿಲ್ಲ. ಮಿಕ್ಸಿಯ ಮೇಲೊಂದು ಬಟ್ಟೆ ಮುಚ್ಚಿದಳು.

ಲಾರಿಗೆ ಗುದ್ದಿ ಗುಜರಿ ಸೇರಿದ್ದ ಆಟೋ ಒಂದರ ಸೆಲ್ಲುಗಳು.
ಒಂದೊಂದಕ್ಕೂ ಮೀಟರಿಟ್ಟು ಕೇಳಿದೆ:
ಮೂರು ಪಾಯಿಂಟ್ ಎರಡು, ಮೂರು ಪಾಯಿಂಟ್ ಎರಡು,
ಒಂದು ಮಾತ್ರ ಎರಡರ ಹತ್ತಿರ ಕುಸಿದಿತ್ತು.
ಮಂಡಿಯಲ್ಲಿ ಟೊಮೊಟೊ ಒತ್ತಿ ನೋಡಿ ಆಚೆಗಿಡುವ ಹಾಗೆ
ಅದನ್ನು ಆಚೆಗಿಟ್ಟೆ.

ಮೋಟಾರಿಗೂ ಗೇರ್ ಬಾಕ್ಸಿಗೂ ನಡುವೆ
ವೀರಾಚಾರಿ ಲೇತಿನಲ್ಲಿ ಕಡೆದ ಅಲ್ಯುಮಿನಿಯಂ ತಟ್ಟೆ.
ಕೂದಲೆಳೆಯಷ್ಟು ಓರೆ, ಕಟಕಟ.
ಎರಡನೆಯದೂ ಕಟಕಟ.
ಮೂರನೆಯದಕ್ಕೆ ಅವನು ಕೂಲಿ ಮುಟ್ಟಲಿಲ್ಲ.
"ಇದು ನನಗೂ ಇದಕ್ಕೂ ಇರೋ ಜಗಳ, ನೀನ್ಯಾರು ಮಧ್ಯೆ?"

ಮೊದಲ ಕಂಟ್ರೋಲರು ಹೊಗೆಯಾಯಿತು.
ಪ್ಲಸ್ಸು ಮೈನಸ್ಸು ಅದಲು ಬದಲು,
ಇಪ್ಪತ್ತು ವರ್ಷ ಪಳಗಿದ ಕೈ ಮಾಡಿದ ತಪ್ಪು, ಒಂಬತ್ತು ಸಾವಿರ.
ಮನೆಯಲ್ಲಿ ಹೇಳಿಲ್ಲ. ಇಲ್ಲಿ ಮಾತ್ರ ಬರೆದಿದ್ದೇನೆ.

ಮೊದಲೆಲ್ಲ ಬೆಳಗ್ಗೆ ಆರೂಮುಕ್ಕಾಲಿಗೆ
ಈ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾದರೆ
ಹಾಲಿನ ಅಂಜಿನಪ್ಪ ಕ್ಯಾನು ಕೆಳಗಿಟ್ಟು ಬರುತ್ತಿದ್ದ,
ಎದುರುಮನೆ ಶಮೀಮ್ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ,
ಡ್ರಾಯಿಂಗ್ ಮೇಷ್ಟರು ಪಂಚೆ ಮೇಲೆ ಕಟ್ಟಿ.
ದಬ್ಬು, ದಬ್ಬು, ಇನ್ನೊಂಚೂರು!
ಸೆಕೆಂಡ್ ಗೇರಲ್ಲಿ ಕ್ಲಚ್ಚು ಬಿಟ್ಟರೆ ಒಂದು ಗುಡುಗು,
ಆಮೇಲೆ ಹೊಗೆ, ಆಮೇಲೆ ಎಲ್ಲರ ಬೈಗುಳ.
ಯಾರ ನಲ್ಲಿಗೆ ನೀರು ಬಂತು, ಯಾರ ಮಗುವಿಗೆ ಜ್ವರ,
ಬೀದಿಯ ಸುದ್ದಿಯೆಲ್ಲ
ಆ ಡಿಕ್ಕಿಯ ಮೇಲೆ ಕೈಯಿಟ್ಟಾಗಲೇ ಹಂಚಿ ಮುಗಿಯುತ್ತಿತ್ತು.

ಗುರುವಾರ ಕೀಲಿ ತಿರುಗಿಸಿದೆ.
ಏನೂ ಕೇಳಿಸಲಿಲ್ಲ. ಕೇಳಿಸಬಾರದು, ಸರಿ.
ಆದರೂ ಎದೆ ಒಂದು ಸಲ ಕೆಳಗಿಳಿಯಿತು.
ಕಾರು ಇವತ್ತೂ ಮುಷ್ಕರ ಹೂಡಿದೆ ಅಂದುಕೊಂಡ ಅಂಜಿನಪ್ಪ
ಎಂದಿನಂತೆ ಹಿಂದೆ ಬಂದು, ಕಾಲೂರಿ, ಭುಜ ಕೊಟ್ಟ.
ಕಾರು ಹೋಗಿಬಿಟ್ಟಿತು
ಸೋಪಿನ ಕೈಯಿಂದ ತಟ್ಟೆ ಜಾರಿದ ಹಾಗೆ.
ಕನ್ನಡಿಯಲ್ಲಿ ನೋಡಿದೆ:
ಗಾಳಿಗೆ ಒರಗಿ ನಿಂತ ಎರಡು ಕೈ.

ಕೈವಾರದ ದಾರಿಯುದ್ದಕ್ಕೂ ಎಡಗಾಲು ಕ್ಲಚ್ಚು ಹುಡುಕಿತು.
ಟೈರಿನಡಿ ಸಿಡಿವ ಕಲ್ಲು, ಕಿಟಕಿಯ ಸಡಿಲ ಗಾಜು,
ಹಿಪ್ಪುನೇರಳೆ ತೋಟದಲ್ಲಿ ಯಾರೋ ಯಾರನ್ನೋ ಕೂಗಿದ್ದು,
ಇಷ್ಟು ವರ್ಷ ಎಂಜಿನ್ನು ನುಂಗಿದ್ದನ್ನೆಲ್ಲ
ಒಂದೊಂದಾಗಿ ವಾಪಸು ಕೊಟ್ಟಿತು ರಸ್ತೆ.
ಅದರ ಕೆಳಗೆ, ಸಣ್ಣಗೆ, ನನ್ನದೇ ಸುತ್ತಿನ ಗುಂಯ್.

ಆರ್‌ಸಿ ಪುಸ್ತಕದಲ್ಲಿ ಇನ್ನೂ ಪೆಟ್ರೋಲು ಅಂತಲೇ ಇದೆ.
ಅರ್ಜಿ ಕೊಟ್ಟಿದ್ದೇನೆ; ಗುಮಾಸ್ತರು ಕನ್ನಡಕ ತೆಗೆದು
ನನ್ನನ್ನೂ ಅರ್ಜಿಯನ್ನೂ ಎರಡೆರಡು ಸಲ ನೋಡಿದರು.

ಈಗ ಆರೂಮುಕ್ಕಾಲಿಗೆ ಕಳ್ಳಿಯ ಹಾಗೆ ಬೀದಿ ದಾಟುತ್ತೇನೆ.
ಶಮೀಮನ ಬಾಗಿಲು ತೆರೆಯುವುದಿಲ್ಲ.
ಮೇಷ್ಟರನ್ನು ನೋಡಿ ಹದಿನೈದು ದಿನವಾಯಿತು.

ನಿನ್ನೆ ನ್ಯೂಟ್ರಲ್ಲಿನಲ್ಲಿಟ್ಟು, ಗಾಜು ಇಳಿಸಿ ಕೂಗಿದೆ:
"ಅಂಜಿನಪ್ಪಾ, ಒಂಚೂರು ದಬ್ಬು."
"ಯಾಕಕ್ಕ, ಚಾರ್ಜಿಲ್ವಾ?"
"ತುಂಬಿದೆ."
ಅವನು ನನ್ನನ್ನೇ ನೋಡಿದ.
ಕ್ಯಾನು ಕೆಳಗಿಟ್ಟ.